ಮದುವೆ ಮನೆಯ ಲೆಕ್ಕದ ಪುಸ್ತಕ

(ನಮ್ಮ ಬ್ಲಾಕಿನ ರೈತರ ಕೂಟದಲ್ಲಿ ಹಿರಿಯ ರೈತರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿಗಳ ವಿಚಾರವಾಗಿ ಮಾತನಾಡುವವರು ಈ ಕೂಟಕ್ಕೆ ಬಹಳ ಮಂದಿ ಬರುತ್ತಾರೆ. ನಾನು ಇಂದು ಆ ವಿಚಾರ ಎತ್ತುವುದಿಲ್ಲ. ಮದುವೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಬೇಸಾಯದ ಸಭೆಯಲ್ಲಿ ಮದುವೆಯ ಮಾತೇಕೆ ಎಂದು ತಾವು ಕೇಳಬಹುದು. ಮಳೆ ಕೈಕೊಟ್ಟು ಗದ್ದೆ ಕಳೆದುಕೊಂಡ ಮನೆಗಳೆಷ್ಟು, ಮದುವೆ ಮಾಡಿ ಗದ್ದೆ ಕಳೆದುಕೊಂಡ ಮನೆಗಳೆಷ್ಟು ಎಂದು ತಮ್ಮ ತಮ್ಮ ಬೀದಿಯನ್ನು ನೆನೆದು ಬೆರಳು ಮಡಿಸಿ ಎಣಿಸಿ ನೋಡಿ. ಆಮೇಲೆ ಈ ಮಾತು ಈ ಸಭೆಗೆ ಸಲ್ಲುತ್ತದೆಯೋ ಇಲ್ಲವೋ ತಾವೇ ಹೇಳಿ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆ ಕಟ್ಟುವಾಗಲಾದರೂ ಹಣ ಮುಗಿದರೆ ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಬಹುದು. ಮದುವೆಯನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಆದ್ದರಿಂದಲೇ ಮೊದಲೇ ಲೆಕ್ಕ ಹಾಕಿಕೊಳ್ಳಬೇಕಾದ ಕೆಲಸ ಇದು.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. 1988ರ ವೈಶಾಖದಲ್ಲಿ ನನ್ನ ತಂಗಿಯ ಮದುವೆಯಾಯಿತು. ನಮ್ಮ ತಂದೆಯವರು ಕುಡಿದವರಲ್ಲ, ಜೂಜಾಡಿದವರಲ್ಲ. ಒಂದು ಎಕರೆ ಗದ್ದೆ, ಮೂರು ಎಕರೆ ಹೊಲ, ಒಂದು ಜೊತೆ ಎತ್ತು ಇಟ್ಟುಕೊಂಡು ಮರ್ಯಾದೆಯಿಂದ ಬಾಳಿದವರು. ಅವರು ಮಾಡಿದ ತಪ್ಪು ಒಂದೇ, ಏನನ್ನೂ ಬರೆದಿಡಲಿಲ್ಲ. ಬೆಲ್ಲವನ್ನು ಚಿಕ್ಕಪ್ಪನೂ ತಂದ, ಸೋದರಮಾವನೂ ತಂದ. ತೆಂಗಿನಕಾಯಿ ಇನ್ನೂರು ಹೆಚ್ಚಾಯಿತು. ಧಾರೆಯ ದಿನ ಮಧ್ಯಾಹ್ನ ಅಕ್ಕಿ ಸಾಲದೆ ಹೋಯಿತು; ಸೈಕಲ್ಲಿನಲ್ಲಿ ಓಡಿ ಅಂಗಡಿಯವನು ಹೇಳಿದ ಬೆಲೆಗೆ ಕಡ ತಂದೆವು. ಸಂಜೆ ನೋಡಿದರೆ ಹುಳಿಯೂ ಪಲ್ಯವೂ ಕೊಪ್ಪರಿಗೆಗಟ್ಟಲೆ ಉಳಿದು ತಿಪ್ಪೆ ಸೇರಿತು.

ಲಗ್ನಕ್ಕೆ ಹದಿನೈದು ದಿನ ಇರುವಾಗ ಕೈಯಲ್ಲಿದ್ದ ಹಣ ಮುಗಿಯಿತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 12,000 ರೂಪಾಯಿ ಸಾಲ ತಂದರು. ತಿಂಗಳಿಗೆ 360, ವರ್ಷಕ್ಕೆ 4,320 ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ ಬಡ್ಡಿಯೇ 12,960 ರೂಪಾಯಿ ಆಯಿತು, ಅಸಲು ಹಾಗೆಯೇ ನಿಂತಿತ್ತು. ಅಂಗಡಿಯ ಬಾಕಿಗೆ ಎತ್ತುಗಳನ್ನು ಮಾರಿದರು. ಆಮೇಲೆ ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಬೀದಿಯವರೆಲ್ಲರೂ ಆರು ಕಟ್ಟಿದರು, ನಮ್ಮ ಕೊಟ್ಟಿಗೆ ಬರಿದಾಗಿತ್ತು. ಎಲ್ಲರ ಉಳುಮೆ ಮುಗಿದ ಮೇಲೆ ಬಾಡಿಗೆ ಎತ್ತು ಸಿಕ್ಕಿತು. ರಾಗಿ ತಡವಾಗಿ ಬಿತ್ತಿ ಅರ್ಧ ಬೆಳೆ ಕಂಡೆವು. ಮರುವರ್ಷ ಅರ್ಧ ಎಕರೆ ಗದ್ದೆ ಭೋಗ್ಯಕ್ಕೆ ಹೋಯಿತು. ಅದನ್ನು ಬಿಡಿಸಿಕೊಳ್ಳುವುದಕ್ಕೆ ಏಳು ವರ್ಷ ಹಿಡಿಯಿತು.

ಹಣದ ನಷ್ಟವನ್ನು ದುಡಿದು ತುಂಬಿಕೊಂಡೆವು. ತುಂಬಿಕೊಳ್ಳಲಾಗದ ನಷ್ಟ ಇನ್ನೊಂದುಂಟು. ತಂಗಿ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದಳು. ನಮ್ಮ ಮನೆಯವರಲ್ಲೇ ಒಬ್ಬರ ಬಾಯಿಂದ "ಇವಳ ಮದುವೆಗೆ ಹೋದ ಗದ್ದೆ" ಎಂಬ ಮಾತು ಬಂತು. ಅವಳು ಬಾಗಿನ ತೆಗೆದುಕೊಂಡು ಏನೂ ಆಡದೆ ಹೋದಳು. ಎರಡು ವರ್ಷ ತವರಿನ ಹೊಸ್ತಿಲು ತುಳಿಯಲಿಲ್ಲ. ತಪ್ಪು ಅವಳದಾಗಿತ್ತೇ? ಲೆಕ್ಕವಿಲ್ಲದೆ ಖರ್ಚು ಮಾಡಿದವರು ನಾವು, ಮಾತು ಕೇಳಿದವಳು ಅವಳು.

ನನಗೆ ಮಗಳು ಹುಟ್ಟಿದ ದಿನವೇ, ಅವಳು ಇಂಥ ಮಾತು ಕೇಳುವಂತೆ ಆಗಬಾರದೆಂದು ನಿಶ್ಚಯ ಮಾಡಿದೆ. 2018ರ ಫಾಲ್ಗುಣದಲ್ಲಿ ಅವಳ ಮದುವೆ ಕೂಡಿಬಂತು. ಆಗ ನನ್ನ ಹೆಂಡತಿ ಸಂತೆಯಿಂದ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದು, ಅದಕ್ಕೆ ದಾರದಲ್ಲಿ ಪೆನ್ಸಿಲು ಕಟ್ಟಿ, ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದಳು. "ಇದರಲ್ಲಿ ಬರೆಯದೆ ಒಂದು ರೂಪಾಯಿಯೂ ಹೊರಗೆ ಹೋಗಕೂಡದು" ಎಂದಳು. ಆ ಪುಸ್ತಕದಲ್ಲಿದ್ದದ್ದನ್ನೇ ತಮಗೆ ಈಗ ಹೇಳುತ್ತೇನೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಬಹುದು.

ಮೊದಲನೆಯ ಪುಟ ವಯಸ್ಸಿನದು. ಹೆಣ್ಣಿಗೆ 18 ವರ್ಷ, ಗಂಡಿಗೆ 21 ವರ್ಷ ತುಂಬಿರಬೇಕು. ಜಾತಕ ನೋಡುವುದಕ್ಕೆ ಮುಂಚೆ ಶಾಲೆಯ ದಾಖಲೆಯನ್ನೋ ಜನನ ಪತ್ರವನ್ನೋ ನೋಡಿ ತಾರೀಖು ಬರೆದುಕೊಳ್ಳಿ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಎಳೆಯ ಮಕ್ಕಳ ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಉಂಟು. ದಂಡದ ಮಾತು ಹಾಗಿರಲಿ. ಇನ್ನೂ ಬೆಳೆಯುತ್ತಿರುವ ಹುಡುಗಿ ಬಸುರಿಯಾದರೆ ತಾಯಿಗೂ ಕೂಸಿಗೂ ಅಪಾಯ. ನಾಟಿಗೆ ಬಾರದ ಪೈರನ್ನು ಮಡಿಯಿಂದ ಕಿತ್ತು ನೆಡುವ ರೈತ ಯಾರಿದ್ದಾನೆ? ಇಂಥ ಮದುವೆಯ ಸುಳಿವು ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು.

ಎರಡನೆಯ ಪುಟ ಹಣದ್ದು. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಬೇಕಾದದ್ದನ್ನೆಲ್ಲ ಕೂಡಿಸಿ ಒಟ್ಟು ಎಷ್ಟಾಯಿತೆಂದು ನೋಡಿ, ಅಷ್ಟು ಹಣಕ್ಕೆ ಅಲೆಯುತ್ತೇವೆ. ಇದನ್ನು ತಿರುವು ಮುರುವು ಮಾಡಬೇಕು. ಇರುವ ಹಣ ಎಷ್ಟೆಂದು ಮೊದಲು ಬರೆಯಿರಿ, ಆಮೇಲೆ ಅದರೊಳಗೆ ಹಂಚಿರಿ. ಅದಕ್ಕೂ ಮುಂಚೆ ಒಂದು ಕೆಲಸ ಉಂಟು. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ, ಮಾಘದಿಂದ ವೈಶಾಖದವರೆಗೆ ನಮ್ಮ ಲಗ್ನಗಳು. ವೈಶಾಖ ಮುಗಿಯುತ್ತಲೇ ಮುಂಗಾರಿನ ಬಿತ್ತನೆ. ಎಂದರೆ ಕೈ ಬರಿದಾಗುವ ಕಾಲವೂ ಬೀಜ ಗೊಬ್ಬರ ಕೊಳ್ಳುವ ಕಾಲವೂ ಒಂದೇ. ಆದ್ದರಿಂದ ಬಿತ್ತನೆಯ ಹಣವನ್ನು ಮೊದಲು ತೆಗೆದು ಬೇರೆ ಖಾತೆಯಲ್ಲಿಡಿ. ಬೆಳೆಗೆಂದು ಸೊಸೈಟಿಯಲ್ಲಿ ತಂದ ಸಾಲವನ್ನು ಮದುವೆಗೆ ಮುಟ್ಟಬೇಡಿ. ಚಪ್ಪರಕ್ಕೆ ಹೋದ ಗೊಬ್ಬರದ ಹಣ ಹೊಲಕ್ಕೆ ತಿರುಗಿ ಬರುವುದಿಲ್ಲ.

ಉಳಿದ ಹಣವನ್ನು ಊಟ, ಚಿನ್ನ, ಬಟ್ಟೆ, ಚಪ್ಪರ, ವಾಲಗ, ವಾಹನ, ಲಗ್ನಪತ್ರಿಕೆ, ಪುರೋಹಿತರ ದಕ್ಷಿಣೆ ಎಂದು ಬಾಬುವಾರು ಬರೆಯಿರಿ. ಹತ್ತರಲ್ಲಿ ಒಂದು ಪಾಲನ್ನು ಯಾವ ಬಾಬಿಗೂ ಸೇರಿಸದೆ ಕೈಖರ್ಚಿಗೆಂದು ಬಿಡಿ. ಪ್ರತಿ ಬಾಬಿಗೂ ಮೂರು ಕಲಂ: ಅಂದಾಜು, ಕೊಟ್ಟದ್ದು, ಕೊಡಬೇಕಾದದ್ದು. ಮುಂಗಡ ಕೊಟ್ಟಾಗ ಚೀಟಿ ಪಡೆದು ಅದೇ ಪುಟಕ್ಕೆ ಅಂಟಿಸಿ. ಫೋನಿನಲ್ಲಿ ಹಣ ಕಳಿಸಿದರೂ ಪುಸ್ತಕದಲ್ಲಿ ಬರೆಯಲೇಬೇಕು. ನಾವು 3 ಲಕ್ಷ ರೂಪಾಯಿಗೆ ಗೆರೆ ಎಳೆದಿದ್ದೆವು, ಖರ್ಚಾದದ್ದು 2,91,000. ಆ ಹಣ ಒಂದು ದಿನದಲ್ಲಿ ಬಂದದ್ದಲ್ಲ. ಮಗಳು ಹೈಸ್ಕೂಲು ಸೇರಿದಂದಿನಿಂದ ಸುಗ್ಗಿ ಸುಗ್ಗಿಗೂ ಇಷ್ಟಿಷ್ಟು ಎಂದು ಕಟ್ಟುತ್ತ ಬಂದದ್ದು.

ಚಿನ್ನದ ವಿಚಾರದಲ್ಲಿ ಒಂದು ಎಚ್ಚರಿಕೆ. ಒಂದು ಸವರನ್ ಎಂದರೆ 8 ಗ್ರಾಂ. 22 ಕ್ಯಾರೆಟ್ ಚಿನ್ನದ ಮೇಲೆ 916 ಎಂಬ ಗುರುತೂ ಹಾಲ್‌ಮಾರ್ಕಿನ ಮುದ್ರೆಯೂ ಇರಬೇಕು. 2023ರ ಏಪ್ರಿಲ್ 1ರಿಂದ ಅದರ ಜೊತೆಗೆ ಆರು ಅಕ್ಷರ ಅಂಕಿಗಳ ಒಂದು ಗುರುತಿನ ಸಂಖ್ಯೆಯೂ ಕಡ್ಡಾಯವಾಗಿದೆ. ಚಿನ್ನದ ಬೆಲೆ ಎಷ್ಟು, ಕೂಲಿ ಮತ್ತು ತೇಮಾನು ಎಷ್ಟು ಎಂದು ಬೇರೆ ಬೇರೆ ಬರೆಸಿಕೊಂಡು ರಸೀತಿ ಪಡೆಯಿರಿ.

ಮೂರನೆಯ ಪುಟ ಜನರದು. ನಮ್ಮ ಮನೆಯಲ್ಲಿ ಜಗಳವಾದದ್ದು ಈ ಪುಟದಲ್ಲೇ. ಮೊದಲ ಪಟ್ಟಿಯಲ್ಲಿ 900 ಜನ ಬಂದರು. ನನ್ನ ಹೆಂಡತಿ ಊಟದ ಬಾಬಿನ ಹಣವನ್ನು ನೋಡಿ "450ಕ್ಕಿಂತ ಮುಂದೆ ಹೋಗುವಂತಿಲ್ಲ" ಎಂದಳು. ನಮ್ಮ ಅಣ್ಣ ಮುಖ ಗಂಟಿಕ್ಕಿ "ಊರು ಏನೆಂದೀತು?" ಎಂದು ಎದ್ದುನಿಂತರು. ಅವಳು ಸೆರಗು ಸರಿಪಡಿಸಿಕೊಂಡು "ಭಾವನವರೇ, ಊರು ಒಂದು ದಿನ ಅನ್ನುತ್ತದೆ, ಸಾಲ ಕೊಟ್ಟವನು ತಿಂಗಳು ತಿಂಗಳೂ ಅನ್ನುತ್ತಾನೆ" ಎಂದಳು. ಅಣ್ಣ ಊಟ ಮಾಡದೆ ಹೊರಟುಹೋದರು. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ತಂಗಿಯೇ ಅವರ ಮನೆಗೆ ಹೋಗಿ, "ಅಣ್ಣಾ, ನನ್ನ ಮದುವೆಗೆ ಊರೆಲ್ಲ ಉಂಡಿತ್ತು. ಆ ಮೇಲಿನ ಏಳು ವರ್ಷ ನಿಮ್ಮ ಗದ್ದೆಗೆ ಊರಿನವರು ಯಾರಾದರೂ ನೀರು ಕಟ್ಟಿದರೇ?" ಎಂದು ಕೇಳಿದಳಂತೆ. ಅಣ್ಣ ತಾವೇ ಬಂದು ಪೆನ್ಸಿಲು ಹಿಡಿದು ಕೂತರು.

ಆಮೇಲೆ ನಾವು ಮಾಡಿದ ಉಪಾಯ ಇಷ್ಟೆ. ಪಟ್ಟಿಯನ್ನು ಹೆಸರುವಾರು ಬರೆಯದೆ ಮನೆವಾರು ಬರೆದೆವು. ಎರಡೆರಡು ಸಲ ಬಂದ ಹೆಸರುಗಳು ತಾವಾಗಿ ಬಿದ್ದುಹೋದವು. ನಮ್ಮ ಊರಿನವರಿಗೂ ನೆಂಟರಿಗೂ ಧಾರೆಯ ಊಟ. ಬೀಗರೂಟಕ್ಕೆ ಹತ್ತಿರದವರು ಮಾತ್ರ. ದೂರದ ಪರಿಚಯದವರ ಮನೆಗೆ ಮದುವೆಯ ಮೇಲೆ ವಧೂವರರನ್ನು ಕರೆದುಕೊಂಡು ಹೋಗಿ ನಮಸ್ಕಾರ ಮಾಡಿಸಿದೆವು. ಬೇಸರ ಪಟ್ಟವರು ಇಬ್ಬರೋ ಮೂವರೋ. ಮನೆಗೇ ಬಂದರಲ್ಲಾ ಎಂದು ಸಂತೋಷ ಪಟ್ಟವರೇ ಹೆಚ್ಚು.

ನಾಲ್ಕನೆಯ ಪುಟ ಉಗ್ರಾಣದ್ದು. ಅಡಿಗೆಯವರನ್ನು ಗೊತ್ತು ಮಾಡುವಾಗಲೇ ಅವರನ್ನು ಕೂರಿಸಿಕೊಂಡು ಸಾಮಾನಿನ ಪಟ್ಟಿ ಬರೆಸಿ. ನಮ್ಮ ಕಡೆಯ ವಾಡಿಕೆಯಲ್ಲಿ ಒಂದು ಹೊತ್ತಿನ ಊಟಕ್ಕೆ ನೂರು ಜನಕ್ಕೆ 10ರಿಂದ 12 ಕಿಲೋ ಅಕ್ಕಿ, ಹುಳಿಗೆ 3ರಿಂದ 4 ಕಿಲೋ ತೊಗರಿಬೇಳೆ ಎಂದು ಹಿಡಿಯುತ್ತಾರೆ. ಹಾಗಾದರೆ 450 ಜನಕ್ಕೆ ಅಕ್ಕಿ 45ರಿಂದ 54 ಕಿಲೋ. ಎರಡು ಬಗೆಯ ಸಿಹಿ ಇದ್ದರೆ ಅನ್ನ ಇಳಿಯುತ್ತದೆ ಎಂಬುದನ್ನೂ ಗಮನದಲ್ಲಿಡಿ. ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲಿ ಮಾತ್ರ ಇರಬೇಕು. ಒಳಗೆ ಬಂದದ್ದು ಒಂದು ಕಡೆ, ಹೊರಗೆ ಹೋದದ್ದು ಒಂದು ಕಡೆ ಬರೆಯಬೇಕು. ಅನ್ನವನ್ನು ಒಂದೇ ಸಲಕ್ಕೆ ಬೇಯಿಸದೆ ಪಂಕ್ತಿ ನೋಡಿಕೊಂಡು ಬೇಯಿಸಿದರೆ ತಿಪ್ಪೆಗೆ ಹೋಗುವುದು ಉಳಿಯುತ್ತದೆ. ಬೇಯಿಸಿದ್ದನ್ನು ಬಿಸಿಯಾಗಿರುವಾಗಲೇ ಬಡಿಸಿ. ಬೇಸಗೆಯಲ್ಲಿ ಬೆಳಗಿನ ಅನ್ನವನ್ನು ಸಂಜೆಗೆ ಇಟ್ಟರೆ ಕೆಟ್ಟು, ಉಂಡವರಿಗೆ ವಾಂತಿ ಭೇದಿ ಹತ್ತುತ್ತದೆ. ಕುಡಿಯುವ ನೀರನ್ನು ಮುಚ್ಚಿಡಿ, ಒಳಕ್ಕೆ ಕೈ ಅದ್ದದಂತೆ ನಲ್ಲಿ ಇರುವ ಡ್ರಮ್ಮಿನಲ್ಲಿ ಇಡಿ.

ಇಲ್ಲೇ ಚಪ್ಪರದ ಮಾತೂ ಬರುತ್ತದೆ. ಒಣಗಿದ ತೆಂಗಿನ ಗರಿಗೆ ಒಂದು ಕಿಡಿ ಸಾಕು. ಒಲೆಯನ್ನು ಚಪ್ಪರದಿಂದ ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಹೂಡಿ. ಪಕ್ಕದಲ್ಲಿ ಎರಡು ಡ್ರಮ್ಮು ನೀರು, ಒಂದು ಗುಡ್ಡೆ ಮರಳು ಇರಲಿ. ದೀಪದ ತಂತಿಯನ್ನು ಗರಿಯ ಮೇಲೆ ಹಾಯಿಸಬೇಡಿ. ಕೆಲಸ ಬಲ್ಲವರಿಂದಲೇ ಕಟ್ಟಿಸಿ. ಚೈತ್ರ ವೈಶಾಖದಲ್ಲಿ ಸಂಜೆಯ ಬಿರುಗಾಳಿ ಮಳೆ ಬರುವುದು ತಮಗೆ ತಿಳಿದದ್ದೇ. ಗೂಟಗಳು ಆಳವಾಗಿರಲಿ.

ಐದನೆಯ ಪುಟ ಕೆಲಸದ್ದು. ಎಡಗಡೆ ಕೆಲಸ, ಬಲಗಡೆ ಮಾಡುವವರ ಹೆಸರು, ಅದರ ಮುಂದೆ ಮುಗಿಯಬೇಕಾದ ದಿನ. ಒಂದು ಕೆಲಸಕ್ಕೆ ಒಂದೇ ಹೆಸರು. ಈ ಪಾಠ ನಮಗೆ ಪೆಟ್ಟು ತಿಂದು ಬಂತು. ಬೀಗರನ್ನು ಕರೆತರುವ ಬಸ್ಸಿನ ಮುಂದೆ ನನ್ನ ಹೆಸರೂ ಭಾವಮೈದುನನ ಹೆಸರೂ ಇದ್ದವು. ಅವನು ಹೇಳಿದ್ದಾನೆಂದು ನಾನು, ನಾನು ಹೇಳಿದ್ದೇನೆಂದು ಅವನು. ಮದುವೆಯ ದಿನ ಬೆಳಗಿನ ಜಾವ ಬೀಗರು ಫೋನು ಮಾಡಿ "ಬಸ್ಸು ಎಲ್ಲಿ?" ಎಂದಾಗ ನನ್ನ ಕೈಕಾಲು ತಣ್ಣಗಾದವು. ಪಕ್ಕದ ಊರಿನವರೊಬ್ಬರ ಟೆಂಪೋ ಸಿಕ್ಕಿ, ಒಂದೂವರೆ ಗಂಟೆ ತಡವಾಗಿ, ಮುಹೂರ್ತಕ್ಕೆ ಇನ್ನೇನು ಎನ್ನುವಾಗ ಗಂಡಿನವರು ಬಂದು ಇಳಿದರು. ಬೀಗರು ದೊಡ್ಡ ಮನಸ್ಸಿನವರು, ನಕ್ಕು ಸುಮ್ಮನಾದರು. ಎಲ್ಲ ಬೀಗರೂ ನಗುವುದಿಲ್ಲ! ಇಬ್ಬರ ಹೆಸರಿನ ಕೆಲಸ ಯಾರ ಕೆಲಸವೂ ಅಲ್ಲವೆಂದು ತಿಳಿಯಿರಿ.

ದಿನಗಳ ಲೆಕ್ಕ ಹೀಗೆ ಇಟ್ಟುಕೊಳ್ಳಬಹುದು. ಮೂರು ತಿಂಗಳು ಇರುವಾಗ ಹಣದ ಗೆರೆ, ಜನರ ಪಟ್ಟಿ, ಲಗ್ನದ ದಿನ, ಚಪ್ಪರವೋ ಛತ್ರವೋ ಎಂಬ ನಿಶ್ಚಯ. ಅಡಿಗೆಯವರಿಗೂ ವಾಲಗದವರಿಗೂ ವೀಳ್ಯ. ಎರಡು ತಿಂಗಳು ಇರುವಾಗ ತಾಳಿ, ಕಾಲುಂಗುರ, ಧಾರೆ ಸೀರೆ. ಒಂದು ತಿಂಗಳು ಇರುವಾಗ ಲಗ್ನಪತ್ರಿಕೆ ಅಚ್ಚಾಗಿ ಬಂದು ಹಂಚಿಕೆ ಮೊದಲಾಗಬೇಕು. ಅಚ್ಚಿಗೆ ಕೊಡುವ ಮುನ್ನ ಹೆಸರು, ತಾರೀಖು, ವಾರಗಳನ್ನು ಇಬ್ಬರು ಬೇರೆ ಬೇರೆ ಓದಿ ನೋಡಬೇಕು. ಹದಿನೈದು ದಿನ ಇರುವಾಗ ದಿನಸಿ, ಪಾತ್ರೆ, ಸೌದೆ ಅಥವಾ ಗ್ಯಾಸು. ಒಂದು ವಾರ ಇರುವಾಗ ಮಾತು ಕೊಟ್ಟವರಿಗೆಲ್ಲ ಮತ್ತೊಮ್ಮೆ ನೆನಪು. ಹಿಂದಿನ ದಿನ ಹೊಸ ಕೆಲಸ ಯಾವುದನ್ನೂ ಹಚ್ಚಿಕೊಳ್ಳಬೇಡಿ. ಆ ದಿನ ಮಗಳ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮುಂದೆ ಅಷ್ಟು ಪುರುಸೊತ್ತು ಇಬ್ಬರಿಗೂ ಸಿಕ್ಕುವುದಿಲ್ಲ.

ಆರನೆಯ ಪುಟ ಕೊಡುಗೆಯದು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿದೆ. ತೆಗೆದುಕೊಳ್ಳುವುದು ತಪ್ಪು, ಕೊಡುವುದೂ ತಪ್ಪು. ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಮೆಯಿಲ್ಲದ ಸಜೆ ಉಂಟು. ಗಂಡಿನವರು ಹಣಕ್ಕೆ ಬಾಯಿ ತೆರೆದರೆ ಆ ಸಂಬಂಧದ ಪುಟವನ್ನೇ ಮುಚ್ಚಿಬಿಡಿ. ಪ್ರೀತಿಯಿಂದ ಕೊಡುವ ಉಡುಗೊರೆಗೂ ಒಂದು ಕ್ರಮ ಉಂಟು. 1985ರ ನಿಯಮದಂತೆ ವಧುವಿಗೆ ಬಂದದ್ದನ್ನು ವಧುವೂ, ವರನಿಗೆ ಬಂದದ್ದನ್ನು ವರನೂ ಪಟ್ಟಿ ಮಾಡಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟರಾದರೆ ಏನು ಸಂಬಂಧ ಎಂದು ಬರೆದು ಇಬ್ಬರೂ ರುಜು ಹಾಕಬೇಕು. ಮದುವೆಯ ಗದ್ದಲದಲ್ಲಿ ಇದು ಮರೆತುಹೋಗುತ್ತದೆ. ಮುಂದೆ ಕಷ್ಟ ಬಂದಾಗ ಹೆಣ್ಣುಮಗಳಿಗೆ ಆಧಾರವಾಗುವುದು ಈ ಒಂದು ಹಾಳೆಯೇ. ಹಾಗೆಯೇ ಮದುವೆಯ ಮೇಲೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸುವುದನ್ನು ಮರೆಯಬೇಡಿ. ಲಗ್ನಪತ್ರಿಕೆ, ವಯಸ್ಸಿನ ದಾಖಲೆ, ಫೋಟೋಗಳನ್ನು ಒಂದು ಚೀಲದಲ್ಲಿ ಹಾಕಿ ಮೊದಲೇ ಎತ್ತಿಡಿ.

ಏಳನೆಯ ಪುಟ ಮುಯ್ಯಿಯದು. ಇದನ್ನು ನಾನು ಹೇಳಿಕೊಡಬೇಕಾದದ್ದಿಲ್ಲ. ನಮ್ಮ ಊರುಗಳಲ್ಲಿ ಯಾವ ಲೆಕ್ಕ ಬರೆಯದವರೂ ಮುಯ್ಯಿಯ ಲೆಕ್ಕ ಬರೆಯುತ್ತಾರೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮುಯ್ಯಿ ಬಂದೀತೆಂದು ನೆಚ್ಚಿ ಖರ್ಚು ಮಾಡಬೇಡಿ. ಅದು ಆದಾಯವಲ್ಲ, ಹಿಂದಕ್ಕೆ ಕೊಡಬೇಕಾದ ಋಣ. ಹಣದ ಮುಯ್ಯಿಯ ಜೊತೆಗೆ ಕೆಲಸದ ಮುಯ್ಯಿಯನ್ನೂ ಬರೆಯಿರಿ. ತೆಂಗಿನಕಾಯಿ ತುರಿದವರು, ಎಲೆ ಎತ್ತಿದವರು, ರಾತ್ರಿಯೆಲ್ಲ ಒಲೆ ಕಾದವರು ಯಾರು ಯಾರೆಂದು ನನ್ನ ಹೆಂಡತಿ ಬರೆದಿದ್ದಳು. ಆ ಟೆಂಪೋದವರ ಮಗನ ಮದುವೆಗೆ ನಾನು ಎರಡು ದಿನ ಮುಂಚೆ ಹೋಗಿ ಉಗ್ರಾಣ ಕಾದೆ.

ಇಷ್ಟೂ ಖರ್ಚು ಬೇಡವೆನ್ನುವವರಿಗೆ ಬೇರೆ ದಾರಿಗಳೂ ಉಂಟು. ಕುವೆಂಪು ಅವರು ಸರಳವಾದ ಮಂತ್ರಮಾಂಗಲ್ಯದ ಪದ್ಧತಿಯನ್ನು ಹಾಕಿಕೊಟ್ಟು, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಸರಳವಾಗಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಅಂಥ ಮದುವೆಯಲ್ಲಿ ಕಟ್ಟಿದ ತಾಳಿಗೂ ದೊಡ್ಡ ಛತ್ರದಲ್ಲಿ ಕಟ್ಟಿದ ತಾಳಿಗೂ ಗಂಟು ಮೂರೇ.

ಬಾಂಧವರೇ, ಮಗಳ ಮದುವೆಯಾದ ವರ್ಷವೂ ಮುಂಗಾರು ಬಂತು. ಬೀಜವೂ ಗೊಬ್ಬರವೂ ಮನೆಯಲ್ಲಿತ್ತು. ಬೀದಿಯವರ ಜೊತೆಯಲ್ಲೇ ನಾವೂ ಬಿತ್ತಿದೆವು. ಗೌರಿ ಹಬ್ಬಕ್ಕೆ ಮಗಳೂ ತಂಗಿಯೂ ಇಬ್ಬರೂ ಬಂದರು. ಮಗಳು ಗದ್ದೆಯ ಬದುವಿನ ಮೇಲೆ ನಡೆದು ಹೋಗುವುದನ್ನು ತಂಗಿ ಜಗಲಿಯ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದು ಮೊಳೆಯಲ್ಲಿ ತೂಗುತ್ತಿದ್ದ ಪುಸ್ತಕವನ್ನು ಕೇಳಿ ತೆಗೆದುಕೊಂಡಳು. ಅವಳ ಕಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದರು.

ತಮ್ಮ ಮನೆಯಲ್ಲಿ ಬರುವ ವರ್ಷ ಮಂಗಳಕಾರ್ಯ ಇದ್ದರೆ, ಬರುವ ಸಂತೆಯಲ್ಲಿ ಬೇರೆ ಏನನ್ನು ಕೊಳ್ಳುವುದಕ್ಕೂ ಮುಂಚೆ ಒಂದು ನೋಟ್ ಪುಸ್ತಕ ಕೊಂಡು ತನ್ನಿ. ಮೊದಲ ಬಾಬಾಗಿ ಆ ಪುಸ್ತಕದ ಬೆಲೆಯನ್ನೇ ಅದರಲ್ಲಿ ಬರೆಯಿರಿ.